ವಾಂತಿ ಮಾತ್ರೆಯೂ ಕೀಮೋದ ಭಾಗವೇ: ದಾವಣಗೆರೆ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ಮತ್ತು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ,

ನಮಸ್ಕಾರ.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ನಮ್ಮ ಜಿಲ್ಲೆಯಲ್ಲಿ ಕ್ಯಾನ್ಸರಿಗೆ ಕೀಮೋ ಕೊಡುವ ಪ್ರತಿ ಆಸ್ಪತ್ರೆಯೂ ರೋಗಿ ಮನೆಗೆ ಹೊರಡುವ ಮುಂಚೆ, ಮುಂದಿನ ನಾಲ್ಕು ದಿನಕ್ಕೆ ಬೇಕಾದ, ವಾಂತಿ ತಡೆಯುವ ಮಾತ್ರೆಗಳನ್ನು ಅವರ ಕೈಗೇ ಕೊಟ್ಟು ಕಳಿಸಬೇಕು. ಚೀಟಿ ಅಲ್ಲ, ಮಾತ್ರೆ. ಅದರ ಖರ್ಚು ಸರ್ಕಾರದ ಆರೋಗ್ಯ ಯೋಜನೆ ಆಸ್ಪತ್ರೆಗೆ ಕೊಡುವ ಕೀಮೋ ಪ್ಯಾಕೇಜಿನೊಳಗೇ ಬರಬೇಕು. ಇದಕ್ಕೆ ಹೊಸ ಯೋಜನೆ ಬೇಡ, ಬಜೆಟ್ ಘೋಷಣೆ ಬೇಡ. ನೀವು ಕರೆಯುವ ಒಂದು ಸಭೆ, ಹೊರಡಿಸುವ ಒಂದು ಸುತ್ತೋಲೆ ಸಾಕು. ಯಾಕೆ ಕೇಳ್ತಾ ಇದೀನಿ ಅನ್ನೋದನ್ನು ಮಾತ್ರ ಸ್ವಲ್ಪ ಉದ್ದಕ್ಕೆ ಹೇಳಬೇಕಾಗಿದೆ. ದಯವಿಟ್ಟು ಓದಿ.

ನಾನು ಮಂಡಿಪೇಟೆಯ ಒಂದು ಹೋಲ್‌ಸೇಲ್ ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯುವವಳು. ಬಿಲ್ಲು ನೋಡೋದೇ ನನ್ನ ಕೆಲಸ. ಯಾವ ಖರ್ಚು ಯಾವ ತಲೆಯಲ್ಲಿ ಹಾಕಿದ್ದಾರೆ, ಯಾವುದು ಯಾರ ತಲೆಗೂ ಬಾರದೆ ಕೊನೆಗೆ ಗಿರಾಕಿ ತಲೆಗೆ ಬಿತ್ತು, ಇದು ನನಗೆ ಬೇಗ ಕಣ್ಣಿಗೆ ಬೀಳುತ್ತದೆ.

ನಮ್ಮಕ್ಕನನ್ನು ಜಗಳೂರು ತಾಲೂಕಿನ ಹಳ್ಳಿಗೆ ಕೊಟ್ಟಿದೆ. ಎದೆಯಲ್ಲಿ ಗಂಟು ಬಂದು ಆಪರೇಷನ್ ಆಯ್ತು, ಆಮೇಲೆ ಕೀಮೋ. ಬಿಪಿಎಲ್ ಕಾರ್ಡ್ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದೊಳಗೆ. ಅಕ್ಕನಿಗೆ ಕೀಮೋ ಔಷಧಿಗೆ, ಬೆಡ್ಡಿಗೆ, ನರ್ಸ್‌ಗೆ ಅಂತ ಆಸ್ಪತ್ರೆ ಒಂದು ರೂಪಾಯಿ ಕೇಳಲಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ನ್ಯಾಯ ಆಗೋದಿಲ್ಲ. ಇಪ್ಪತ್ತು ವರ್ಷದ ಹಿಂದೆ ಇದೇ ಕಾಯಿಲೆ ಬಂದಿದ್ದರೆ ಭಾವ ಹೊಲ ಮಾರಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಬೇಕಿತ್ತು.

ಅಕ್ಕನಿಗೆ ಹಾಕಿದ್ದು ಕೆಂಪು ಔಷಧಿ. ಡಾಕ್ಸೊರುಬಿಸಿನ್ ಅಂತ ಅದರ ಹೆಸರು. ವಾರ್ಡಿನಲ್ಲಿ ಎಲ್ಲರೂ ‘ಕೆಂಪಂದು’ ಅಂತಲೇ ಕರೀತಾರೆ. ಅದರ ಜೊತೆ ಸೈಕ್ಲೋಫಾಸ್ಫಮೈಡ್ ಅಂತ ಇನ್ನೊಂದು. ಈ ಜೋಡಿ ವಾಂತಿ ತರಿಸೋದರಲ್ಲಿ ಮೊದಲ ಸಾಲಿನಲ್ಲಿದೆ. ಸಿಸ್‌ಪ್ಲಾಟಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಕೂಡ ಅದೇ ಸಾಲು. ವಾಂತಿಗೆ ಏನೂ ಕೊಡದೆ ಸಿಸ್‌ಪ್ಲಾಟಿನ್ ಹಾಕಿದರೆ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನ ವಾಂತಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಡ್ರಿಪ್ ಹಚ್ಚುವ ಮುಂಚೆ ಆಸ್ಪತ್ರೆಯವರೇ ವಾಂತಿಗೆ ಇಂಜೆಕ್ಷನ್ ಕೊಡುತ್ತಾರೆ. ಅದು ಪ್ಯಾಕೇಜಿನಲ್ಲೇ ಬರುತ್ತದೆ, ತಕರಾರಿಲ್ಲ.

ತಕರಾರು ಶುರುವಾಗೋದು ಮನೆಗೆ ಹೋದ ಮೇಲೆ. ಕೀಮೋ ವಾಂತಿ ಅವತ್ತೇ ಮುಗಿಯುವಂಥದ್ದಲ್ಲ. ಮೊದಲ 24 ಗಂಟೆಯದ್ದು ಒಂದು ತರ. ಆಮೇಲೆ ಎರಡನೇ ದಿನದಿಂದ ಐದನೇ ದಿನದವರೆಗೆ, ಅಂದರೆ 120 ಗಂಟೆ ತನಕ ಬರುವುದು ಇನ್ನೊಂದು ತರ. ಸಿಸ್‌ಪ್ಲಾಟಿನ್ ಹಾಕಿಸಿಕೊಂಡವರಿಗೆ ಎರಡನೇ ಮೂರನೇ ದಿನವೇ ಜೋರು. ಆ ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿ ಇರೋದಿಲ್ಲ. ಇಂಜೆಕ್ಷನ್ನಿನ ಬಲವೂ ಇಳಿದಿರುತ್ತದೆ. ಅಲ್ಲಿ ಕೆಲಸ ಮಾಡಬೇಕಾದ್ದು ಮನೆಯಲ್ಲಿ ನುಂಗುವ ಮಾತ್ರೆ. ದುಡ್ಡು ಕೊಡುವವರ ಲೆಕ್ಕದಲ್ಲಿ ಮಾತ್ರ ಕೀಮೋ ಸೂಜಿ ತೆಗೆದ ಕೂಡಲೇ ಮುಗಿದುಹೋಗಿರುತ್ತದೆ.

ಅಕ್ಕನಿಗೆ ಕೊಟ್ಟ ಚೀಟಿ ನನ್ನ ಹತ್ತಿರ ಇದೆ. ನಾಲ್ಕು ಸಾಲು, ನಾಲ್ಕೂ ಕಂಪನಿ ಹೆಸರುಗಳು. ಒಳಗಿನ ಔಷಧಿ ಯಾವುದು ಅಂತ ನಾನು ಸ್ಟ್ರಿಪ್ ತಿರುಗಿಸಿ ತಿರುಗಿಸಿ ಓದಿ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟೆ. ಒಂದು, ಆಂಡನ್‌ಸೆಟ್ರಾನ್ 8 ಎಂ.ಜಿ. ಎರಡು, ಡೆಕ್ಸಾಮೆಥಸೋನ್. ಮೂರು, ಅಪ್ರೆಪಿಟೆಂಟ್ ಕಿಟ್: 125 ಎಂ.ಜಿ.ಯ ಒಂದು ಕ್ಯಾಪ್ಸೂಲ್ ಕೀಮೋ ದಿನ, 80ರದ್ದು ಮಾರನೇ ದಿನ ಒಂದು, ಅದರ ಮಾರನೇ ದಿನ ಒಂದು. ನಾಲ್ಕು, ಓಲಾಂಜಪೈನ್ 2.5 ಎಂ.ಜಿ., ರಾತ್ರಿ ಮಲಗುವಾಗ. ಜೋರಾಗಿ ವಾಂತಿ ತರಿಸುವ ಕೀಮೋಗೆ ಈ ನಾಲ್ಕನ್ನೂ ಒಟ್ಟಿಗೆ ಕೊಡಬೇಕು ಅನ್ನೋದು ಇವತ್ತು ಜಗತ್ತಿನ ಕ್ಯಾನ್ಸರ್ ವೈದ್ಯರೆಲ್ಲ ಒಪ್ಪಿರುವ ಪದ್ಧತಿ. ಅಂದರೆ ಡಾಕ್ಟರು ಬರೆದದ್ದರಲ್ಲಿ ತಪ್ಪಿಲ್ಲ. ಬರೆದದ್ದು ರೋಗಿಯ ಹೊಟ್ಟೆ ಸೇರಲಿಲ್ಲ, ಅಷ್ಟೆ.

ಮೊದಲ ಸಲ ಭಾವ ನಾಲ್ಕನ್ನೂ ಹೊರಗಿನ ಮೆಡಿಕಲ್ ಶಾಪಿನಲ್ಲಿ ತಂದರು. ಕಿಟ್ ಒಂದರ ಮೇಲೇ ಸಾವಿರ ದಾಟಿದ ಎಂ.ಆರ್.ಪಿ. ಅವರು ಮೆಕ್ಕೆಜೋಳ ಬೆಳೆಯುವವರು. 2025-26ರಲ್ಲಿ ಕ್ವಿಂಟಾಲಿಗೆ 2,400 ರೂಪಾಯಿ ಬೆಂಬಲ ಬೆಲೆ ಅಂತ ಕಾಗದದಲ್ಲಿತ್ತು. ಕೈಗೆ ಸಿಕ್ಕಿದ್ದೆಷ್ಟು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಮೂರು ಕ್ಯಾಪ್ಸೂಲಿಗೆ ಅರ್ಧ ಕ್ವಿಂಟಾಲ್ ಮೆಕ್ಕೆಜೋಳಕ್ಕಿಂತ ಜಾಸ್ತಿ ಹೋಯಿತು. ಆ ಸಲ ಅಕ್ಕನಿಗೆ ಸುಸ್ತಿತ್ತು, ಬಾಯಿ ರುಚಿ ಕೆಟ್ಟಿತ್ತು, ಆದರೆ ವಾಂತಿ ಆಗಲಿಲ್ಲ. ಗಂಜಿ ಕುಡಿದು ಮಲಗಿದಳು.

ಎರಡನೇ ಸಲ ಭಾವ ಕಿಟ್ ಬಿಟ್ಟುಬಿಟ್ಟರು. ‘ಹೋದ್ಸಲ ಏನೂ ಆಗ್ಲಿಲ್ವಲ್ಲ, ಸುಮ್ನೆ ಯಾಕೆ’ ಅಂದುಕೊಂಡರಂತೆ. ಏನೂ ಆಗದೆ ಇದ್ದದ್ದು ಆ ಕಿಟ್‌ನಿಂದಲೇ ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಓಲಾಂಜಪೈನ್ ತೆಗೆದುಕೊಳ್ಳುವಾಗ ಇನ್ನೊಂದು ಕಥೆ. ಅವತ್ತು ಹೋಗಿದ್ದು ಬೇರೆ ಅಂಗಡಿಗೆ. ಕೌಂಟರಿನ ಹುಡುಗ ಚೀಟಿ ನೋಡಿ, ‘ಯಾರಿಗಣ್ಣ ಇದು? ಇದು ತಲೆ ಸರಿ ಇಲ್ದೋರಿಗೆ ಕೊಡೋ ಮಾತ್ರೆ’ ಅಂದ. ಭಾವ ಗಾಬರಿಯಾಗಿ ಅದನ್ನೂ ಅಲ್ಲೇ ವಾಪಸ್ ಕೊಟ್ಟು ಬಂದರು. ಹುಡುಗ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅದು ಮನೋರೋಗಕ್ಕೆ ಕೊಡುತ್ತಾ ಬಂದಿರುವ ಮಾತ್ರೆಯೇ. ಆದರೆ ಕೀಮೋ ವಾಂತಿಗೂ ಅದು ಚೆನ್ನಾಗಿ ಕೆಲಸ ಮಾಡುತ್ತದೆ ಅನ್ನೋದು ಎಷ್ಟೋ ವರ್ಷದಿಂದ ಗೊತ್ತಿದೆ. ದಿನಕ್ಕೆ 10 ಎಂ.ಜಿ. ಕೊಡುವ ರೂಢಿ ಇತ್ತು. ಅದರಲ್ಲಿ ಹಗಲೆಲ್ಲ ತೂಕಡಿಕೆ. ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 2.5 ಎಂ.ಜಿ. ಕೊಟ್ಟರೂ ಅಷ್ಟೇ ಗುಣ, ತೂಕಡಿಕೆ ಮಾತ್ರ ಕಡಿಮೆ ಅಂತ ತೋರಿಸಿ 2024ರಲ್ಲಿ ಲ್ಯಾನ್ಸೆಟ್ ಆಂಕಾಲಜಿಯಲ್ಲಿ ಪ್ರಕಟಿಸಿದರು. ನಮ್ಮ ದೇಶದ ರೋಗಿಗಳ ಮೇಲೆ, ನಮ್ಮ ದೇಶದ ವೈದ್ಯರು ಮಾಡಿದ ಕೆಲಸ. ಅಗ್ಗದ ಮಾತ್ರೆ ಬೇರೆ. ನಾಲ್ಕರಲ್ಲಿ ದುಬಾರಿಯದ್ದು ಬೆಲೆಯಿಂದ ತಪ್ಪಿತು, ಅಗ್ಗದ್ದು ಭಯದಿಂದ ತಪ್ಪಿತು.

ಮೂರನೇ ದಿನ ಅಕ್ಕನ ಹೊಟ್ಟೆಯಲ್ಲಿ ನೀರೂ ನಿಲ್ಲಲಿಲ್ಲ. ಪಕ್ಕದ ಮನೆಯವರು ಒಗ್ಗರಣೆ ಹಾಕಿದರೆ ಸಾಕು, ಇವಳಿಗೆ ಓಕರಿಕೆ. ಜೀರಿಗೆ ನೀರು, ನಿಂಬೆಹಣ್ಣು, ಶುಂಠಿ, ಹೇಳಿದವರ ಮದ್ದೆಲ್ಲ ಆಯ್ತು. ‘ಕೀಮೋ ಅಂದ್ಮೇಲೆ ವಾಂತಿ ಆಗ್ಲೇಬೇಕಲ್ಲ, ಆದ್ರೇನೇ ಔಷಧಿ ಹತ್ತಿದೆ ಅಂತ ಲೆಕ್ಕ’ ಅಂತ ಸಮಾಧಾನ ಹೇಳುವವರು ಬೇರೆ. ಈ ಮಾತು ನಮ್ಮ ಕಡೆ ಎಷ್ಟು ಬೇರು ಬಿಟ್ಟಿದೆ ಅಂದರೆ, ಓದಿದವರೂ ಇದನ್ನೇ ಹೇಳ್ತಾರೆ. ವಾಂತಿಗೂ ಔಷಧಿ ಹತ್ತೋದಕ್ಕೂ ಸಂಬಂಧವೇ ಇಲ್ಲ. ಸಂಜೆ ಹೊತ್ತಿಗೆ ಅಕ್ಕ ಎದ್ದು ನಿಲ್ಲಲಾರದೆ ಹೋದಾಗ ಹತ್ತಿರದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿ ಗ್ಲೂಕೋಸ್ ಹಾಕಿಸಿದರು.

ಆ ನರ್ಸಿಂಗ್ ಹೋಮ್ ಯೋಜನೆಯಲ್ಲಿ ನೋಂದಣಿ ಆಗಿಲ್ಲ. ಬೆಡ್, ಬಾಟಲಿ, ಇಂಜೆಕ್ಷನ್, ರಕ್ತ ಪರೀಕ್ಷೆ, ‘ಇತರೆ’ ಎಲ್ಲ ಕೂಡಿ ಬಂದ ಬಿಲ್ಲಿನಲ್ಲಿ ಎಷ್ಟೋ ಕಿಟ್ ಬರುತ್ತಿದ್ದವು. ಮುಂದಿನ ಕೀಮೋ ಒಂದು ವಾರ ಮುಂದಕ್ಕೆ ಹೋಯಿತು. ‘ಇನ್ನು ಸಾಕು, ನಾನು ಬರಲ್ಲ’ ಅಂತ ಅಕ್ಕ ಹಟ ಹಿಡಿದಿದ್ದು ಆಗಲೇ. ಒಂದು ಸಲ ಹೀಗೆ ವಾಂತಿ ಆಗೋಕೆ ಬಿಟ್ಟರೆ ಆಮೇಲೆ ಆಸ್ಪತ್ರೆ ಗೇಟು ಕಂಡರೂ ಹೊಟ್ಟೆ ತೊಳಸುತ್ತದೆ. ಇದು ಮನಸ್ಸಿನ ದೌರ್ಬಲ್ಯ ಅಲ್ಲ, ಮೈ ಕಲಿತುಕೊಂಡ ಪಾಠ. ವೈದ್ಯರು ಇದಕ್ಕೂ ಬೇರೆ ಹೆಸರಿಟ್ಟು ಪಟ್ಟಿ ಮಾಡಿದ್ದಾರೆ. ಮೊದಲ ಸಲದಿಂದಲೇ ವಾಂತಿ ತಡೆದರೆ ಈ ಕಾಟ ಕಡಿಮೆ, ಒಮ್ಮೆ ಹತ್ತಿಕೊಂಡರೆ ಮಾತ್ರೆಯಿಂದ ಬಿಡಿಸೋದು ಕಷ್ಟ.

ಈಗ ನಿಯಮಕ್ಕೆ ಬರ್ತೀನಿ. ಆಯುಷ್ಮಾನ್ ಭಾರತ್ ನಿಯಮದಲ್ಲಿ, ಡಿಸ್ಚಾರ್ಜ್ ಆದ ಮೇಲೆ 15 ದಿನದವರೆಗಿನ ಔಷಧಿ ಖರ್ಚೂ ಪ್ಯಾಕೇಜಿನೊಳಗೇ ಸೇರಿದೆ. ಅಂದಮೇಲೆ ಆ ಚೀಟಿಯನ್ನು ಹೊರಗಿನ ಅಂಗಡಿಗೆ ಬರೆದಿದ್ದೇ ಸರಿಯಲ್ಲ. ಪ್ಯಾಕೇಜ್ ಅಂದರೆ ಕೀಮೋದ ಒಂದೊಂದು ಸುತ್ತಿಗೂ ಇಷ್ಟು ಅಂತ ಇಡಿಗಂಟು. ಅದರಲ್ಲಿ ಮಾತ್ರೆಗೆ ಎಷ್ಟು, ಸೂಜಿಗೆ ಎಷ್ಟು ಅಂತ ಬಿಡಿಸಿ ಯಾರೂ ಕೇಳೋದಿಲ್ಲ. ಇಡಿಗಂಟು ಕೊಟ್ಟಾಗ ಯಾವುದನ್ನು ಹೊರಗೆ ತಳ್ಳಿದರೆ ಕೇಳುವವರಿಲ್ಲವೋ ಅದೇ ಹೊರಗೆ ಹೋಗುತ್ತದೆ. ಕೆಂಪು ಔಷಧಿಯನ್ನು ಹೊರಗಿಂದ ತನ್ನಿ ಅಂದರೆ ಮರುದಿನವೇ ಗಲಾಟೆ. ಮನೆಗೆ ಹೋದ ಮೇಲೆ ನುಂಗುವ ಕ್ಯಾಪ್ಸೂಲ್ ಬಗ್ಗೆ ಯಾರು ಗಲಾಟೆ ಮಾಡ್ತಾರೆ? ವಾಂತಿ ಮಾಡಿಕೊಂಡು ಮಲಗಿದವರಂತೂ ಮಾಡಲ್ಲ.

ಆ ಆಸ್ಪತ್ರೆಯ ಹೆಸರು ಇಲ್ಲಿ ಬರೆಯೋದಿಲ್ಲ. ಒಂದು ಆಸ್ಪತ್ರೆಗೆ ಛೀಮಾರಿ ಹಾಕಿಸೋದು ನನ್ನ ಉದ್ದೇಶ ಅಲ್ಲ. ಅಲ್ಲಿನ ‘ಆರೋಗ್ಯ ಮಿತ್ರ’ ಮೇಜಿನಲ್ಲಿ, ಅಂದರೆ ಯೋಜನೆಯ ರೋಗಿಗಳಿಗೆ ನೆರವಾಗುವ ಮೇಜಿನಲ್ಲಿ, ಕೂತವರು ಒಳ್ಳೆಯವರೇ. ‘ಮೇಡಂ, ಇದು ಒಳಗೆ ಸ್ಟಾಕ್ ಇಲ್ಲ’ ಅಂದರು. ಸ್ಟಾಕ್ ಇಲ್ಲದಿದ್ದರೆ ಹೊರಗೆ ಕೊಂಡ ಬಿಲ್ಲಿಗೆ ಆಸ್ಪತ್ರೆ ದುಡ್ಡು ಕೊಡಬೇಕಲ್ವಾ ಅಂತ ಕೇಳಿದೆ. ‘ಅದು ಬಿಲ್ಲಿಂಗ್‌ನವರನ್ನು ಕೇಳಬೇಕು’. ಬಿಲ್ಲಿಂಗ್‌ನವರು ‘ಮಿತ್ರನ್ನ ಕೇಳಿ’. ಮುಂದಿನದು ನಿಮಗೆ ಗೊತ್ತಿರುವಂಥದ್ದೇ.

ಕಾರ್ಡಿನವರ ಪಾಡು ಇದಾದರೆ, ಪ್ರೀಮಿಯಂ ಕಟ್ಟಿದವರದ್ದು ಬೇರೆ ತರ ಇರಬಹುದು ಅಂದುಕೊಂಡಿದ್ದೆ. ನಮ್ಮ ಅಂಗಡಿ ಯಜಮಾನರ ತಮ್ಮನಿಗೂ ಕೀಮೋ ಆಯಿತು. ಅವರದ್ದು ವರ್ಷವರ್ಷ ತಪ್ಪದೆ ಪ್ರೀಮಿಯಂ ಕಟ್ಟಿದ ಖಾಸಗಿ ಪಾಲಿಸಿ. ಕ್ಲೇಮ್ ಕಾಗದ ಜೋಡಿಸುವ ಕೆಲಸ ನನಗೇ ಬಂತು. ಕೀಮೋ ದಿನದ ಬಿಲ್ ಕ್ಯಾಶ್‌ಲೆಸ್ ಆಯಿತು. ಮನೆಗೆ ತಂದ ವಾಂತಿ ಮಾತ್ರೆಗಳ ಬಿಲ್ಲು ಮಾತ್ರ ವಾಪಸ್ ಬಂತು. ‘ಹೊರರೋಗಿ ಔಷಧಿ, ಪಾಲಿಸಿಯಲ್ಲಿ ಇಲ್ಲ’ ಅಂತ ಒಂದು ಸಾಲು.

ಇದು ಎಲ್ಲರಿಗೂ ಆಗುವಂಥದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳ್ತೀನಿ. ನಮ್ಮ ದೇಶದ ಆರೋಗ್ಯ ವಿಮೆ ಬಹುಪಾಲು ಆಸ್ಪತ್ರೆಯಲ್ಲಿ 24 ಗಂಟೆ ಮಲಗಿದವರಿಗೆ. ಕೀಮೋ, ಡಯಾಲಿಸಿಸ್ ತರದವು ಡೇ ಕೇರ್ ಪಟ್ಟಿಯಲ್ಲಿ ಬರುವುದರಿಂದ ಅಷ್ಟು ಹೊತ್ತು ಮಲಗದಿದ್ದರೂ ಕೊಡ್ತಾರೆ. ಸುಮ್ಮನೆ ಡಾಕ್ಟರ್ ಹತ್ತಿರ ತೋರಿಸಿ ತಂದ ಮಾತ್ರೆಗೆ ಕೊಡೋದಿಲ್ಲ. ಆದರೆ ಆಸ್ಪತ್ರೆ ಬಿಟ್ಟ ನಂತರದ ಖರ್ಚು ಅಂತ ಪಾಲಿಸಿಯಲ್ಲಿ ಇನ್ನೊಂದು ಸಾಲು ಇರುತ್ತದೆ. 2020ರ ಏಪ್ರಿಲ್‌ನಿಂದ ಎಲ್ಲ ಕಂಪನಿಗಳೂ ಮಾರುವ ಆರೋಗ್ಯ ಸಂಜೀವನಿ ಅನ್ನೋ ಮಾದರಿ ಪಾಲಿಸಿಯಲ್ಲಿ ಸೇರುವ ಮುಂಚಿನ 30 ದಿನ, ಬಿಟ್ಟ ಮೇಲಿನ 60 ದಿನ ಅಂತ ಇದೆ. ಅದೇ ಕಾಯಿಲೆಗೆ, ಅದೇ ಡಾಕ್ಟರ್ ಬರೆದ ಮಾತ್ರೆ ಈ 60 ದಿನದೊಳಗೆ ಬರಲೇಬೇಕು. ವಾಂತಿ ಮಾತ್ರೆಯ ಚೀಟಿಯನ್ನು ಡಿಸ್ಚಾರ್ಜ್ ಕಾಗದದಲ್ಲೇ ಬರೆದುಕೊಟ್ಟರೆ ಅದು ಕೀಮೋ ಖರ್ಚು. ಬೇರೆ ಹೊರರೋಗಿ ಚೀಟಿಯಲ್ಲಿ ಬರೆದುಕೊಟ್ಟರೆ ಅದು ಯಾರಿಗೂ ಬೇಡದ ಖರ್ಚು. ಮಾತ್ರೆ ಅದೇ, ರೋಗಿ ಅವರೇ, ಬದಲಾದದ್ದು ಕಾಗದ. ಯಜಮಾನರ ತಮ್ಮನ ವಿಷಯದಲ್ಲಿ ಆದದ್ದೂ ಇದೇ. ಡಿಸ್ಚಾರ್ಜ್ ಕಾಗದದಲ್ಲಿ ‘ಸಲಹೆಯಂತೆ ಔಷಧಿ’ ಅಂತ ಮಾತ್ರ ಇತ್ತು. ಆಸ್ಪತ್ರೆಗೆ ಹೋಗಿ ಮಾತ್ರೆಗಳ ಹೆಸರು ಸೇರಿಸಿದ ಕಾಗದ ಬರೆಸಿಕೊಂಡು ಬಂದು ಮತ್ತೆ ಹಾಕಿದ ಮೇಲೆ ದುಡ್ಡು ಬಂತು. ಅವರ ಹತ್ತಿರ ಓಡಾಡೋಕೆ ಒಬ್ಬ ಗುಮಾಸ್ತೆ ಇದ್ದಳು. ಎಲ್ಲರ ಮನೆಯಲ್ಲೂ ಇರ್ತಾರಾ?

ಇನ್ನೊಂದು ವಿಚಿತ್ರ ನೋಡಿ. ಮಾತ್ರೆ ನುಂಗಿ ಮನೆಯಲ್ಲಿದ್ದರೆ ವಿಮೆಯವರು ಕಾಸು ಕೊಡೋದಕ್ಕೆ ಹಿಂದೆ ಮುಂದೆ ನೋಡ್ತಾರೆ. ಮಾತ್ರೆ ನುಂಗದೆ, ವಾಂತಿ ಮಾಡಿ ಮಾಡಿ ನೀರಿಳಿದು, ಆಸ್ಪತ್ರೆಯಲ್ಲಿ ಒಂದು ದಿನ ಮಲಗಿದರೆ ಪೂರ್ತಿ ಕೊಡ್ತಾರೆ. ಸೋರುವ ನಲ್ಲಿಗೆ ವಾಷರ್ ಕೊಡಿಸಲ್ಲ, ಮನೆಯೊಳಗೆ ನೀರು ತುಂಬಿದರೆ ಮಾತ್ರ ಬರ್ತೀವಿ ಅಂದ ಹಾಗೆ. ಯೋಜನೆಯ ದುಡ್ಡು ಕೊಡುವ ಸರ್ಕಾರದ ಟ್ರಸ್ಟಿಗಾಗಲಿ ವಿಮಾ ಕಂಪನಿಗಾಗಲಿ ಇದು ನಷ್ಟದ ವ್ಯಾಪಾರ. ಲೆಕ್ಕ ಬರೆಯುವವಳಾಗಿ ಹೇಳ್ತೀನಿ, ನಮ್ಮ ಅಂಗಡಿಯಲ್ಲಿ ಹೀಗೆ ಲೆಕ್ಕ ಇಟ್ಟಿದ್ದರೆ ಯಜಮಾನರು ನನ್ನನ್ನು ಮನೆಗೆ ಕಳಿಸುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ಮಾಡಿಸಿದ ಆರೋಗ್ಯ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಔಷಧಿಗಳ ಮೇಲಿನ ಜಿಎಸ್‌ಟಿಯೂ ಶೇ. 12ರಿಂದ 5ಕ್ಕೆ ಇಳಿದಿದೆ. ಒಳ್ಳೇದೇ. ಆದರೆ ಪಾಲಿಸಿಯಲ್ಲೇ ಬಾರದ ಮಾತ್ರೆಗೆ ಅದರಿಂದ ಉಳಿಯೋದು ಚಹಾ ಕಾಸು.

ಬೆಲೆ ವಿಷಯ. ಆಂಡನ್‌ಸೆಟ್ರಾನ್ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ. ಹಾಗಾಗಿ ಅದಕ್ಕೆ ಸರ್ಕಾರ ಗರಿಷ್ಠ ಬೆಲೆ ಕಟ್ಟಿದೆ. ಯಾವ ಕಂಪನಿಯದ್ದು ತಗೊಂಡರೂ ಒಂದು ಮಿತಿಯೊಳಗೇ ಇರುತ್ತದೆ. ಡೆಕ್ಸಾಮೆಥಸೋನ್ ಅಂತೂ ಪುಡಿಗಾಸಿನದ್ದು. ಕೈ ಸುಡೋದು ಅಪ್ರೆಪಿಟೆಂಟ್. ಅದೇ ಮೂರು ಕ್ಯಾಪ್ಸೂಲಿನ ಕಿಟ್, ಒಂದು ಕಂಪನಿಯದ್ದಕ್ಕೂ ಇನ್ನೊಂದರದ್ದಕ್ಕೂ ಎಂ.ಆರ್.ಪಿ. ಎರಡು ಮೂರು ಪಟ್ಟು ವ್ಯತ್ಯಾಸ. ಪಟ್ಟಿಯಲ್ಲಿಲ್ಲದ ಔಷಧಿಗೆ ಕಂಪನಿಯವರು ವರ್ಷಕ್ಕೆ ಶೇ. 10ರ ತನಕ ಬೆಲೆ ಏರಿಸಬಹುದು ಅಂತ 2013ರ ಬೆಲೆ ನಿಯಂತ್ರಣ ಆದೇಶವೇ ಹೇಳುತ್ತದೆ. ಚೀಟಿಯಲ್ಲಿ ಕಂಪನಿ ಹೆಸರು ಇದ್ದರೆ ಅಂಗಡಿಯವನು ಅದನ್ನೇ ಕೊಡ್ತಾನೆ. ‘ಇದೇ ಔಷಧಿ ಕಮ್ಮಿ ರೇಟಿಂದು ಕೊಡಪ್ಪ’ ಅಂತ ಕೇಳೋಕೆ ಒಳಗಿನ ಹೆಸರಾದರೂ ಗೊತ್ತಿರಬೇಕಲ್ಲ. ಔಷಧಿಯ ಮೂಲ ಹೆಸರನ್ನೇ, ಓದಲು ಬರುವ ಹಾಗೆ, ಆದಷ್ಟು ದೊಡ್ಡ ಅಕ್ಷರದಲ್ಲಿ ಬರೆಯಬೇಕು ಅಂತ ಆಗಿನ ಭಾರತೀಯ ವೈದ್ಯಕೀಯ ಮಂಡಳಿ 2016ರಲ್ಲೇ ನಿಯಮ ತಿದ್ದಿತ್ತು. ಅಕ್ಕನ ಚೀಟಿ ಅದಕ್ಕಿಂತ ಎಷ್ಟೋ ವರ್ಷ ಆಮೇಲಿನದು. ಅಕ್ಷರ ಮಾತ್ರ ನನಗೆ ಇನ್ನೂ ಓದೋಕೆ ಬರಲ್ಲ.

ಜನೌಷಧಿ ಬಗ್ಗೆಯೂ ಹೇಳಬೇಕು. ಅಲ್ಲಿ ಬ್ರಾಂಡಿಗಿಂತ ಅರ್ಧಕ್ಕರ್ಧ, ಕೆಲವು ಸಲ ಇನ್ನೂ ಕಮ್ಮಿಗೆ ಸಿಗುತ್ತದೆ. ಬಹಳ ಮನೆಗಳಿಗೆ ಅದರಿಂದ ಉಪಕಾರ ಆಗಿದೆ, ನಮ್ಮ ಅವ್ವನ ಬಿಪಿ ಮಾತ್ರೆ ಅಲ್ಲಿಂದಲೇ. 2025ರ ಮೇ ತಿಂಗಳಲ್ಲಿ ಸರ್ಕಾರಿ ಆಸ್ಪತ್ರೆ ಆವರಣದ ಜನೌಷಧಿ ಮಳಿಗೆಗಳನ್ನು ಮುಚ್ಚಿಸಬೇಕು ಅಂತ ರಾಜ್ಯ ಸರ್ಕಾರ ಆದೇಶ ಮಾಡಿತು, ವಿಷಯ ಹೈಕೋರ್ಟ್ ತನಕ ಹೋಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತವಾಗಿ ಕೊಡುವಾಗ ಅಲ್ಲೇ ಮಾರುವ ಅಂಗಡಿ ಯಾಕೆ ಅನ್ನೋದು ಸರ್ಕಾರದ ವಾದ. ಆ ರಾಜಕೀಯ ನನಗೆ ಬೇಡ. ಆದರೆ ‘ಎಲ್ಲ ಉಚಿತವಾಗಿ ಕೊಡ್ತೀವಿ’ ಅಂದ ಮೇಲೆ ಆ ‘ಎಲ್ಲ’ದೊಳಗೆ ಈ ನಾಲ್ಕು ಮಾತ್ರೆಗಳೂ ಇರಲಿ. ಔಷಧಿ ಸರಬರಾಜು ನಿಗಮಕ್ಕೆ ಜಿಲ್ಲೆಯಿಂದ ಬೇಡಿಕೆ ಪಟ್ಟಿ ಹೋಗುವಾಗ ಅಪ್ರೆಪಿಟೆಂಟ್ ಮತ್ತು ಓಲಾಂಜಪೈನ್ 2.5 ಸೇರಿಸಿ. ರಾಜ್ಯ ಸರ್ಕಾರ 2025ರಿಂದ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಶುರು ಮಾಡಿದೆ. ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಮೂರು ವರ್ಷದೊಳಗೆ ಡೇ ಕೇರ್ ಕ್ಯಾನ್ಸರ್ ಕೇಂದ್ರ ಅಂತ ಅದೇ ವರ್ಷದ ಕೇಂದ್ರ ಬಜೆಟ್ ಹೇಳಿತು. ಅಂದರೆ ಇನ್ನು ಮುಂದೆ ಬೆಳಿಗ್ಗೆ ಬಂದು ಸಂಜೆ ಬಸ್ಸಿಗೆ ಮನೆಗೆ ಹೋಗುವ ಕೀಮೋ ರೋಗಿಗಳೇ ಜಾಸ್ತಿ. ಮನೆಯ ಆ ನಾಲ್ಕು ದಿನಗಳ ಯೋಚನೆ ಈಗಲೇ ಮಾಡದಿದ್ದರೆ ಆಮೇಲೆ ತಡವಾಗುತ್ತದೆ.

ಬಸುರಿಯರ ವಾಂತಿಯ ವಿಷಯವನ್ನೂ ಇಲ್ಲಿ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗ್ತೀನಿ. ಅವರಿಗೆ ಬರೆಯುವ ಡಾಕ್ಸಿಲಮೈನ್ ಜೊತೆ ಪಿರಿಡಾಕ್ಸಿನ್ ಮಾತ್ರೆಗೂ ಯಾವ ವಿಮೆಯೂ ಸುಲಭಕ್ಕೆ ಕೊಡಲ್ಲ, ಹೆರಿಗೆ ಖರ್ಚಿಗೇ ಕಾಯುವ ಅವಧಿ ಹಾಕಿರ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಅದು ತಪ್ಪದೆ ಸಿಗುವ ಹಾಗೆ ಆದರೆ ಸಾಕು.

ಇನ್ನು ನಿಮ್ಮಿಂದ ಆಗುವಂಥದ್ದು. ಯೋಜನೆಯಲ್ಲಿ ನೋಂದಣಿಯಾದ, ಕೀಮೋ ಕೊಡುವ ಆಸ್ಪತ್ರೆಗಳನ್ನು ಒಂದು ಸಲ ಕೂರಿಸಿ ಮಾತಾಡಿ. ಮಾತ್ರೆ ಕೈಗೆ ಕೊಟ್ಟು, ರೋಗಿಯ ಅಥವಾ ಜೊತೆಯವರ ಸಹಿ ಪಡೆದು, ಆ ಕಾಗದ ಕ್ಲೇಮಿನ ಜೊತೆ ಹೋಗಬೇಕು ಅಂತ ಹೇಳಿ. ಸಹಿ ಕಾಗದ ಇಲ್ಲದಿದ್ದರೆ ಕ್ಲೇಮ್ ತಡೆಹಿಡಿಯಿರಿ ಅಂತ, ಯೋಜನೆ ನಡೆಸುವ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ ನೀವು ಬರೆಯಬಹುದು. ಇಡಿಗಂಟಿನ ದರದಲ್ಲಿ ಅಪ್ರೆಪಿಟೆಂಟ್ ಗಿಟ್ಟೋದಿಲ್ಲ ಅಂತ ಆಸ್ಪತ್ರೆಯವರು ಹೇಳಬಹುದು. ಅದು ನಿಜವೂ ಇರಬಹುದು. ಹಾಗಿದ್ದರೆ ಅದನ್ನು ಟ್ರಸ್ಟಿಗೆ ಹೇಳಿ ದರ ಕೂಡಿಸಲಿ, ರೋಗಿಯ ಮೇಲೆ ಹಾಕೋದು ಬೇಡ. ಇನ್ನೂ ಒಂದು ಮಾತು. ಗಿಟ್ಟದ ಕಡೆ ಆಂಡನ್‌ಸೆಟ್ರಾನ್, ಡೆಕ್ಸಾಮೆಥಸೋನ್, ಓಲಾಂಜಪೈನ್ ಮೂರನ್ನಾದರೂ ಇವತ್ತಿನಿಂದಲೇ ಕೊಡಬಹುದು. ಅವು ಮೂರೂ ಸೇರಿದರೂ ಆಸ್ಪತ್ರೆಗೆ ಭಾರ ಆಗುವ ಮೊತ್ತ ಅಲ್ಲ. ಯಾರಿಗೆ ಯಾವುದು ಅಂತ ತೀರ್ಮಾನಿಸೋದು ಡಾಕ್ಟರು, ಆ ವಿಷಯದಲ್ಲಿ ನನ್ನ ತಲೆ ಹಾಕಲ್ಲ.

ಮಾತ್ರೆ ಕವರಿನ ಮೇಲೆ ಕನ್ನಡದಲ್ಲಿ ಎರಡು ಸಾಲು ಬರೆಯಿಸಿ: ‘ಇದು ಕೀಮೋ ವಾಂತಿಗೆ. ವಾಂತಿ ಇಲ್ಲದಿದ್ದರೂ ತಪ್ಪಿಸಬೇಡಿ.’ ಅಷ್ಟಿದ್ದರೆ ಭಾವ ಕಿಟ್ ಬಿಡುತ್ತಿರಲಿಲ್ಲ, ಆ ಹುಡುಗನ ಮಾತಿಗೆ ಹೆದರುತ್ತಲೂ ಇರಲಿಲ್ಲ. ಔಷಧ ನಿಯಂತ್ರಣ ಇಲಾಖೆಯವರು ಮೆಡಿಕಲ್ ಶಾಪಿನವರ ಸಭೆ ಕರೆದಾಗ ಓಲಾಂಜಪೈನ್ ವಿಷಯ ತಿಳಿಸಿಹೇಳಲಿ. ಗಿರಾಕಿಯ ಮುಂದೆ ಮಾತ್ರೆಯ ಜಾತಕ ಓದೋದು ಕೌಂಟರಿನ ಕೆಲಸ ಅಲ್ಲ.

ಖಾಸಗಿ ವಿಮಾ ಕಂಪನಿಗಳು ನಿಮ್ಮ ಕೈಯಲ್ಲಿಲ್ಲ ಅಂತ ಗೊತ್ತು. ಆದರೆ ಆಸ್ಪತ್ರೆಗಳು ನಿಮ್ಮ ಮಾತು ಕೇಳುತ್ತವೆ. ಮನೆಗೆ ಬರೆದ ವಾಂತಿ ಮಾತ್ರೆಯ ಹೆಸರು, ಪ್ರಮಾಣ, ದಿನ ಎಲ್ಲವೂ ಡಿಸ್ಚಾರ್ಜ್ ಕಾಗದದಲ್ಲೇ ಬರಬೇಕು ಅಂತ ಒಂದು ಸಾಲು ಸುತ್ತೋಲೆಯಲ್ಲಿ ಸೇರಿಸಿದರೆ ಪಾಲಿಸಿ ಇದ್ದವರ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಈ ಪತ್ರ ಓದುವ ಬೇರೆಯವರಿಗೂ ಎರಡು ಮಾತು, ಸುತ್ತೋಲೆ ಬರೋ ತನಕ ಕಾಯೋಕಾಗಲ್ಲವಲ್ಲ. ಕಾರ್ಡಿನಲ್ಲಿ ಚಿಕಿತ್ಸೆ ಆಗುತ್ತಿದ್ದು ಹೊರಗಿಂದ ಮಾತ್ರೆ ತನ್ನಿ ಅಂದರೆ, ಮೊದಲು ಆರೋಗ್ಯ ಮಿತ್ರರ ಹತ್ತಿರ 15 ದಿನದ ನಿಯಮ ಕೇಳಿ. ಆಗದಿದ್ದರೆ ಸಹಾಯವಾಣಿ 104ಕ್ಕೆ ಅಥವಾ 14555ಕ್ಕೆ ಫೋನ್ ಮಾಡಿ ದೂರು ಬರೆಸಿ, ದೂರಿನ ನಂಬರ್ ತಗೊಳ್ಳಿ. ಕೊಂಡೇ ತೀರಬೇಕಾದರೆ ಡಾಕ್ಟರ ಹತ್ತಿರ ಔಷಧಿಯ ಮೂಲ ಹೆಸರು ಬರೆಸಿಕೊಂಡು ಜನೌಷಧಿಯಲ್ಲಿ ಮೊದಲು ವಿಚಾರಿಸಿ. ‘ಫಾರ್ಮಾ ಸಹಿ ದಾಮ್’ ಅಂತ ಸರ್ಕಾರದ್ದೇ ಆ್ಯಪ್ ಇದೆ, ಒಂದೇ ಔಷಧಿಯ ಬೇರೆ ಬೇರೆ ಕಂಪನಿ ಬೆಲೆ ಅದರಲ್ಲಿ ನೋಡಬಹುದು. ಕಾರ್ಖಾನೆಯಲ್ಲಿ, ಅಂಗಡಿಯಲ್ಲಿ ದುಡಿಯುವವರು ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಕಾರ್ಡ್ ಇದ್ದೂ ಮರೆತಿರ್ತೀರಿ. ತಿಂಗಳಿಗೆ 21,000 ರೂಪಾಯಿ ಒಳಗೆ ಸಂಬಳ ಇರುವವರು ಒಮ್ಮೆ ವಿಚಾರಿಸಿ, ಮನೆಯವರಿಗೂ ಔಷಧಿ ಸಿಗುತ್ತದೆ. ಪಾಲಿಸಿಯವರು ಬಿಲ್ ತಿರಸ್ಕರಿಸಿದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾಗದಿದ್ದರೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಬರೆಯಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ. ಮತ್ತೆ ಒಂದು, ದುಡ್ಡಿಲ್ಲ ಅಂತ ನಿಮ್ಮಷ್ಟಕ್ಕೆ ನೀವೇ ಯಾವುದೋ ಒಂದು ಮಾತ್ರೆ ಬಿಟ್ಟುಬಿಡಬೇಡಿ. ‘ನನಗೆ ಇಷ್ಟು ಆಗಲ್ಲ, ಇದರ ಬದಲು ಏನಾದರೂ ಇದೆಯಾ’ ಅಂತ ಡಾಕ್ಟರನ್ನೇ ಕೇಳಿ. ನಾವು ಮೂರನೇ ಸಲ ಹಾಗೆ ಕೇಳಿದೆವು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಮ್ಮಿ ಬೆಲೆಯ ಕಂಪನಿಯ ಕಿಟ್ ಬರೆದುಕೊಟ್ಟರು, ಓಲಾಂಜಪೈನ್ ಯಾಕೆ ಅಂತ ಭಾವನಿಗೆ ಕೂರಿಸಿ ಹೇಳಿದರು. ಎರಡು ನಿಮಿಷದ ಮಾತು. ಆಮೇಲಿನ ಸುತ್ತುಗಳನ್ನು ಅಕ್ಕ ಮುಗಿಸಿದಳು.

ಮಾನ್ಯರೇ, ಚೀಟಿ, ನರ್ಸಿಂಗ್ ಹೋಮಿನ ಬಿಲ್ಲು, ವಾಪಸ್ ಬಂದ ಕ್ಲೇಮಿನ ಕಾಗದ, ಮೂರರ ಜೆರಾಕ್ಸ್ ಈ ಪತ್ರದ ಜೊತೆ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ರೋಗಿಗಳ ಹೆಸರು, ಕಾರ್ಡ್ ನಂಬರ್ ಮತ್ತು ಆಸ್ಪತ್ರೆ ಹೆಸರಿನ ಮೇಲೆ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿದೆ. ಮೂಲ ಕಾಗದ ನೋಡಬೇಕು ಅಂದರೆ ಹೇಳಿ ಕಳಿಸಿ, ಅಂಗಡಿ ರಜೆಯ ದಿನ ತಂದು ತೋರಿಸ್ತೀನಿ. ಸಭೆ ಕರೆಯುವುದಾದರೆ ಕೀಮೋ ಮುಗಿಸಿದ ಒಬ್ಬಿಬ್ಬರನ್ನೂ ಕರೆಯಿರಿ. ಅಕ್ಕ ಬರ್ತೀನಿ ಅಂದಿದ್ದಾಳೆ.

ಇಂತಿ,
ಮಂಡಿಪೇಟೆಯ ಒಬ್ಬ ಲೆಕ್ಕದ ಗುಮಾಸ್ತೆ
ದಾವಣಗೆರೆ